ಒಮ್ಮೆ ಪಡೆದ ಜ್ಞಾನಸ್ನಾನ

ಬೆಂಗಳೂರಿನ ಪಶ್ಚಿಮಭಾಗದಲ್ಲಿ, ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಿಂದ ಮೊದಲ್ಗೊಂಡು ಮೈಸೂರು ರಸ್ತೆಯ ಗುಂಟ ಕೆಂಗೇರಿಯವರೆಗೆ ಹಬ್ಬಿರುವ ಬಡಾವಣೆಗಳಲ್ಲಿ, ನೆಲಸಿರುವ ಕ್ರೈಸ್ತರೆಲ್ಲರ ಮೂಲ ಒಂದೇ ಅಲ್ಲ. ಹಾಸನ, ಮೈಸೂರು ಸೀಮೆಗಳ ಕಥೋಲಿಕ ಹಳ್ಳಿಗಳಿಂದ ಬಂದವರು, ಮಂಗಳೂರಿನ ಕೊಂಕಣಿಯವರು, ಗಿರಣಿ ಕಾರ್ಖಾನೆಗಳ ಕೆಲಸವನ್ನು ಅರಸಿ ಬಂದ ತಮಿಳರು, ತುಮಕೂರು, ಗುಬ್ಬಿಗಳ ಕಡೆಯ ವೆಸ್ಲಿಯನ್ ಮಿಷನ್ನಿನ ಮನೆತನಗಳವರು, ಹುಬ್ಬಳ್ಳಿ ಧಾರವಾಡಗಳ ಬಾಸೆಲ್ ಮಿಷನ್ನಿನವರು, ಬೀದರಿನ ಮೆಥೊಡಿಸ್ಟರು, ಕೇರಳದ ಸಿರಿಯನ್ ಕ್ರೈಸ್ತರು, ಇವರೆಲ್ಲರೂ ಒಂದೇ ಬೀದಿಯ ನೆರೆಹೊರೆಯವರಾಗಿ ಬಾಳುತ್ತಿದ್ದಾರೆ. ಇವರ ಮಕ್ಕಳು ಒಂದೇ ಶಾಲೆಯಲ್ಲಿ ಓದಿ, ಒಂದೇ ಕಚೇರಿಯಲ್ಲಿ ದುಡಿದು, ಅನೇಕ ವೇಳೆ ಒಬ್ಬರನ್ನೊಬ್ಬರು ವರಿಸುತ್ತಾರೆ. ಹೀಗಿರುವಲ್ಲಿ, ಶೈಶವದಲ್ಲಿ ದಕ್ಷಿಣ ಭಾರತ ಸಭೆಯಲ್ಲೋ ಮೆಥೊಡಿಸ್ಟ್ ಸಭೆಯಲ್ಲೋ ಜ್ಞಾನಸ್ನಾನ ಪಡೆದವರು, ಪ್ರಾಯಸ್ಥರಾದ ಮೇಲೆ, ವಿವಾಹದ ಪ್ರೇರಣೆಯಿಂದಲೋ ದೀರ್ಘವಾದ ಅಧ್ಯಯನ ಪ್ರಾರ್ಥನೆಗಳ ಫಲವಾಗಿಯೋ, ಕಥೋಲಿಕ ಧರ್ಮಸಭೆಯನ್ನು ಸೇರಬಯಸುವುದು ಅಪೂರ್ವವಾದ ಸಂಗತಿಯೇನಲ್ಲ.

ಇಂಥವರು ಧರ್ಮಕೇಂದ್ರದ ಬಾಗಿಲಿಗೆ ಬಂದಾಗ ನಮ್ಮ ಜನರ ಬಾಯಿಂದ ಸಾಮಾನ್ಯವಾಗಿ ಹೊರಡುವ ಮಾತೊಂದುಂಟು: “ಮೊದಲು ನಮ್ಮ ಸ್ವಾಮಿಗಳ ಕೈಯಿಂದ ಜ್ಞಾನಸ್ನಾನ ಆಗಲಿ, ಉಳಿದದ್ದು ಆಮೇಲೆ.” ಇದನ್ನು ಹೇಳುವವರು ದುಷ್ಟರಲ್ಲ, ಭಕ್ತರಾದ ಹಿರಿಯರು, ಮಕ್ಕಳಿಗೆ ಧರ್ಮೋಪದೇಶ ಮಾಡುವ ಉಪದೇಶಿಗಳು, ಮದುವೆಯ ಹೊಣೆ ಹೊತ್ತ ತಾಯಂದಿರು ಇದನ್ನು ನಿಸ್ಸಂದೇಹವಾಗಿ ನಂಬಿ ಹೇಳುತ್ತಾರೆ. ಅವರು ಕೊಡುವ ಕಾರಣಗಳು ಮೂರು. ಬೇರೆ ಸಭೆಯವರ ಜ್ಞಾನಸ್ನಾನವು ನಮ್ಮ ಧರ್ಮಸಭೆಯ ಹೊರಗೆ ನಡೆದುದರಿಂದ ಅದು ಸಂಸ್ಕಾರವೇ ಅಲ್ಲವೆಂಬುದು ಮೊದಲನೆಯದು. ಅದು ಸಂಸ್ಕಾರವೇ ಆಗಿದ್ದರೂ ಸಂಶಯಪರಿಹಾರಕ್ಕಾಗಿ ಇನ್ನೊಮ್ಮೆ ನೀರು ಹೊಯ್ದರೆ ನಷ್ಟವೇನೆಂಬುದು ಎರಡನೆಯದು. ಹೊಸದಾಗಿ ಬರುವವನು ಹಳೆಯದನ್ನೆಲ್ಲ ಕಳಚಿ ಬರಬೇಕು, ಇಲ್ಲದಿದ್ದರೆ ಅವನ ನಿಷ್ಠೆ ಇಬ್ಬಗೆಯಾಗುತ್ತದೆಂಬುದು ಮೂರನೆಯದು. ಈ ಮೂರು ಕಾರಣಗಳೂ ನಿರಾಧಾರವಾದುವೆಂದೂ, ಇವುಗಳ ಮೇಲೆ ನಿಂತ ಅಭಿಪ್ರಾಯವು ಕಥೋಲಿಕ ಧರ್ಮದ ರಕ್ಷಣೆಯೆಂಬ ವೇಷದಲ್ಲಿ ಕಥೋಲಿಕ ಸಿದ್ಧಾಂತವನ್ನೇ ಅಲ್ಲಗಳೆಯುತ್ತದೆಂದೂ ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲನೆಯ ಕಾರಣವನ್ನು ಪರಿಶೀಲಿಸೋಣ. ಈ ವಾದ ಇಂದು ಹುಟ್ಟಿದ್ದಲ್ಲ. ಮೂರನೆಯ ಶತಮಾನದಲ್ಲಿ ಇದನ್ನು ಮಂಡಿಸಿದವರು ನಮ್ಮ ಬಡಾವಣೆಯ ಹಿರಿಯರಿಗಿಂತ ಬಹು ದೊಡ್ಡವರಾದ, ಧರ್ಮಕ್ಕಾಗಿ ತಲೆಯನ್ನೇ ಕೊಟ್ಟ ಕಾರ್ಥೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯಾನರು. ಧರ್ಮಸಭೆಯಿಂದ ಬೇರ್ಪಟ್ಟವರಲ್ಲಿ ಪವಿತ್ರಾತ್ಮರಿಲ್ಲ, ತಮ್ಮಲ್ಲಿಲ್ಲದುದನ್ನು ಅವರು ಇತರರಿಗೆ ಕೊಡಲಾರರು, ಆದುದರಿಂದ ಅವರಿಂದ ಬಂದವರಿಗೆ ಜ್ಞಾನಸ್ನಾನವನ್ನು ಕೊಡಲೇಬೇಕು ಎಂಬುದು ಅವರ ತರ್ಕ. 256ರಲ್ಲಿ ಕಾರ್ಥೇಜಿನಲ್ಲಿ ನೆರೆದ 87 ಮಂದಿ ಧರ್ಮಾಧ್ಯಕ್ಷರು ಈ ತರ್ಕವನ್ನು ಒಪ್ಪಿ ನಿರ್ಣಯಿಸಿದರು. ಆದರೆ ರೋಮಿನ ಪೀಠದಲ್ಲಿದ್ದ ಪೋಪ್ ಸ್ಟೀಫನರು ಅದನ್ನು ಒಪ್ಪಲಿಲ್ಲ. ಪೂರ್ವಸಂಪ್ರದಾಯಕ್ಕೆ ಹೊಸತೇನನ್ನೂ ಸೇರಿಸಕೂಡದು, ಹಿಂದಿರುಗಿ ಬಂದವರ ಮೇಲೆ ಹಸ್ತನಿಕ್ಷೇಪ ಮಾಡಿ ಅಂಗೀಕರಿಸಿದರೆ ಸಾಕು ಎಂದು ಅವರು ವಿಧಿಸಿದರು. 314ರಲ್ಲಿ ಆರ್ಲ್ ಪಟ್ಟಣದಲ್ಲಿ ನೆರೆದ ಮಹಾಸಭೆಯು ಸ್ಟೀಫನರ ಪಕ್ಷವನ್ನೇ ಹಿಡಿದು, ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ಜ್ಞಾನಸ್ನಾನ ಪಡೆದು ಬಂದವನಿಗೆ ಅದನ್ನು ಪುನಃ ಕೊಡಲಾಗದೆಂದು ಆಫ್ರಿಕದವರಿಗೆ ತಿಳಿಸಿತು. ಹೀಗೆ ಈ ವ್ಯಾಜ್ಯ ತೀರಿ ಹದಿನೇಳು ಶತಮಾನಗಳು ಸಂದಿವೆ. ರಕ್ತಸಾಕ್ಷಿಯಾದ ಸಿಪ್ರಿಯಾನರ ಮಾತೇ ನಿಲ್ಲದಿದ್ದಲ್ಲಿ, ಅದೇ ಮಾತನ್ನು ಅವರ ಪಾಂಡಿತ್ಯವಾಗಲಿ ತಪಸ್ಸಾಗಲಿ ಇಲ್ಲದೆ ಆಡುವ ನಾವು ಅದನ್ನು ಶುದ್ಧ ಕಥೋಲಿಕ ಮತವೆಂದು ಹೇಗೆ ಸಾರಬಲ್ಲೆವು?

ಸ್ಟೀಫನರ ನಿರ್ಣಯಕ್ಕೆ ತಾತ್ತ್ವಿಕವಾದ ಬುನಾದಿಯನ್ನು ಹಾಕಿಕೊಟ್ಟವರು ಸಂತ ಅಗಸ್ಟೀನರು. ಡೊನಾಟಸನ ಪಕ್ಷದವರ ವಿರುದ್ಧವಾಗಿ 400ರ ಸುಮಾರಿಗೆ ಜ್ಞಾನಸ್ನಾನವನ್ನು ಕುರಿತು ಅವರು ಬರೆದ ಗ್ರಂಥದ ಸಾರವನ್ನು ಹೀಗೆ ಹೇಳಬಹುದು: ನೀರು ಹೊಯ್ಯುವ ಕೈ ಯಾರದಾದರೂ ಆಗಲಿ, ಜ್ಞಾನಸ್ನಾನವನ್ನು ಕೊಡುವವರು ಕ್ರಿಸ್ತರೇ, ಸಂಸ್ಕಾರವು ಅವರ ಸ್ವತ್ತೇ ಹೊರತು ಅರ್ಚಕನ ಸ್ವತ್ತಲ್ಲ, ಆದುದರಿಂದ ಅರ್ಚಕನ ದೋಷದಿಂದಾಗಲಿ ಅವನ ಪಂಗಡದ ದೋಷದಿಂದಾಗಲಿ ಅದು ಕೆಡುವಂಥದಲ್ಲ. ರೋಮನ್ ಸೈನಿಕನ ಮೈಮೇಲೆ ಒತ್ತಿದ ರಾಜಮುದ್ರೆಯ ದೃಷ್ಟಾಂತವನ್ನು ಅವರೇ ಕೊಟ್ಟಿದ್ದಾರೆ: ದಂಡನ್ನು ಬಿಟ್ಟು ಓಡಿಹೋದವನು ಮರಳಿ ಬಂದಾಗ ಅವನನ್ನು ತಿದ್ದುವರಲ್ಲದೆ, ಇದ್ದ ಮುದ್ರೆಯನ್ನು ಅಳಿಸಿ ಹೊಸ ಮುದ್ರೆಯನ್ನು ಒತ್ತುವುದಿಲ್ಲ. ಅಗಸ್ಟೀನರ ಕಾಲದ ಆ ಪ್ರತಿಪಕ್ಷದವರಾದರೂ ತಾವೇ ಬುದ್ಧಿಪೂರ್ವಕವಾಗಿ ಒಡೆದುಹೋದವರು. ತುಮಕೂರಿನ ಒಂದು ವೆಸ್ಲಿಯನ್ ಮನೆಯಲ್ಲಿ ಹುಟ್ಟಿ, ತಾಯಿತಂದೆಗಳ ಶ್ರದ್ಧೆಯಿಂದ ಜ್ಞಾನಸ್ನಾನ ಪಡೆದ ಶಿಶುವಾದರೋ ಯಾವ ಒಡಕಿಗೂ ಕಾರಣವಲ್ಲ. ಓಡಿಹೋದವನ ಮುದ್ರೆಗೇ ಇಷ್ಟು ಗೌರವವಿರುವಾಗ, ಎಂದೂ ಓಡಿಹೋಗದ ಆ ಶಿಶುವಿನ ಮುದ್ರೆಯನ್ನು ಇಲ್ಲವೆನ್ನುವ ಅಧಿಕಾರ ನಮಗೆಲ್ಲಿಂದ ಬಂದಿತು?

ಶ್ರೀಗ್ರಂಥವನ್ನು ಬಲ್ಲವರು ಇಲ್ಲಿ ಒಂದು ಆಕ್ಷೇಪವನ್ನು ಎತ್ತುವುದುಂಟು. ಪ್ರೇಷಿತರ ಕಾರ್ಯಕಲಾಪಗಳ 19ನೆಯ ಅಧ್ಯಾಯದಲ್ಲಿ ಸಂತ ಪೌಲರು ಎಫೆಸ ಪಟ್ಟಣದ ಶಿಷ್ಯರಿಗೆ ಎರಡನೆಯ ಸಲ ಸ್ನಾನ ಕೊಡಿಸಿದರಲ್ಲವೆ, ಎಂದು ಅವರು ಕೇಳುತ್ತಾರೆ. ಆದರೆ ಆ ಶಿಷ್ಯರು ಪಡೆದಿದ್ದುದು ಸ್ನಾನಿಕ ಯೊವಾನ್ನರ ಪಶ್ಚಾತ್ತಾಪದ ಸ್ನಾನವನ್ನು. ಕ್ರಿಸ್ತರು ಸ್ಥಾಪಿಸಿದ ಸಂಸ್ಕಾರವು ಅದಾಗಿರಲಿಲ್ಲ. ಪವಿತ್ರಾತ್ಮರೆಂಬುವರುಂಟೆಂಬುದನ್ನೇ ತಾವು ಕೇಳಿಲ್ಲವೆಂದು ಅವರು ಒಪ್ಪಿಕೊಂಡರು. ಪೌಲರು ಕೊಡಿಸಿದ್ದು ಅವರ ಮೊದಲನೆಯ ಕ್ರೈಸ್ತ ಜ್ಞಾನಸ್ನಾನ. ಅದೇ ಪೌಲರು ಎಫೆಸದವರಿಗೆ ಬರೆದ ಪತ್ರದಲ್ಲಿ ಏಕಪ್ರಭು, ಏಕವಿಶ್ವಾಸಗಳೊಡನೆ ಏಕಜ್ಞಾನಸ್ನಾನವನ್ನೂ ಸಮಸ್ಕಂಧವಾಗಿ ಎಣಿಸಿರುವುದನ್ನು ಮರೆಯಬಾರದು. ಭಾನುವಾರದ ಬಲಿಪೂಜೆಯಲ್ಲಿ ನಿಸಿಯ ವಿಶ್ವಾಸಸಂಗ್ರಹವನ್ನು ಹೇಳುವಾಗ ನಾವೂ ಏಕಜ್ಞಾನಸ್ನಾನವನ್ನು ಒಪ್ಪುತ್ತೇವೆಂದು ಉಚ್ಚರಿಸುತ್ತೇವೆ; ದಕ್ಷಿಣ ಭಾರತ ಸಭೆಯವರೂ ತಮ್ಮ ಆರಾಧನೆಯಲ್ಲಿ ಅದನ್ನೇ ಉಚ್ಚರಿಸುತ್ತಾರೆ. ಪೂಜೆಯಲ್ಲಿ ಒಪ್ಪಿದ್ದನ್ನು ಮಧ್ಯಾಹ್ನದ ಮದುವೆಮಾತಿನಲ್ಲಿ ಅಲ್ಲಗಳೆಯುವುದು ವಿಶ್ವಾಸಿಗೆ ತಕ್ಕ ನಡತೆಯಲ್ಲ.

ಇನ್ನು ಧರ್ಮಸಭೆಯ ಅಧಿಕೃತ ಶಾಸನಗಳನ್ನು ನೋಡಿದರೆ ವಿಷಯವು ಹಗಲಿನಷ್ಟು ಸ್ಪಷ್ಟವಾಗಿದೆ. ಪ್ರಾಟೆಸ್ಟಂಟರೊಡನೆ ವಿರೋಧವು ಅತ್ಯಂತ ತೀಕ್ಷ್ಣವಾಗಿದ್ದ ಕಾಲದಲ್ಲಿಯೇ, 1547ರಲ್ಲಿ, ಟ್ರೆಂಟಿನ ಮಹಾಸಭೆಯು, ಭಿನ್ನಮತೀಯರಾದರೂ ತ್ರಿತ್ವದ ನಾಮದಲ್ಲಿ, ಧರ್ಮಸಭೆಯು ಮಾಡುವುದನ್ನೇ ಮಾಡಬೇಕೆಂಬ ಸಂಕಲ್ಪದಿಂದ ಕೊಟ್ಟ ಜ್ಞಾನಸ್ನಾನವನ್ನು ನಿಜವಾದುದಲ್ಲವೆನ್ನುವವನನ್ನು ಬಹಿಷ್ಕರಿಸಿತು. ಲೂಥರನ ಅನುಯಾಯಿಗಳೆದುರು ನಿಂತು ಹೋರಾಡಿದ ಆ ಮಹಾಸಭೆಯೇ ಅವರ ಜ್ಞಾನಸ್ನಾನಕ್ಕೆ ಈ ಮನ್ನಣೆಯನ್ನು ಉಳಿಸಿತೆಂಬುದು ನಮ್ಮ ಉಗ್ರಾಭಿಮಾನಿಗಳು ಧ್ಯಾನಿಸತಕ್ಕ ಸಂಗತಿ. 1964ರ ನವೆಂಬರ್ 21ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಕ್ರೈಸ್ತೈಕ್ಯವನ್ನು ಕುರಿತು ಹೊರಡಿಸಿದ ಶಾಸನವು, ಕ್ರಿಸ್ತರಲ್ಲಿ ವಿಶ್ವಾಸವಿಟ್ಟು ವಿಧಿವತ್ತಾಗಿ ಜ್ಞಾನಸ್ನಾನ ಪಡೆದವರು ಕಥೋಲಿಕ ಧರ್ಮಸಭೆಯೊಡನೆ, ಅಪೂರ್ಣವಾಗಿಯಾದರೂ, ನಿಜವಾದ ಅನ್ಯೋನ್ಯತೆಯಲ್ಲಿದ್ದಾರೆಂದು ಘೋಷಿಸಿತು. ಕ್ರೈಸ್ತೈಕ್ಯವನ್ನು ಕುರಿತ 1967ರ ರೋಮಿನ ಮಾರ್ಗದರ್ಶಿಯು, ಬಂದವರಿಗೆಲ್ಲ ವಿವೇಚನೆಯಿಲ್ಲದೆ, ‘ಹಿಂದೆ ಆಗಿರದಿದ್ದರೆ’ ಎಂಬ ಷರತ್ತಿನ ಜ್ಞಾನಸ್ನಾನವನ್ನು ಕೊಡುವ ರೂಢಿಯನ್ನು ಒಪ್ಪಲಾಗದೆಂದಿತು. 1983ರ ಶಾಸನಸಂಹಿತೆಯ 845ನೆಯ ವಿಧಿಯು ಜ್ಞಾನಸ್ನಾನ, ದೃಢೀಕರಣ, ಯಾಜಕದೀಕ್ಷೆ ಈ ಮೂರೂ ಪುನರಾವೃತ್ತಿಗೆ ಅರ್ಹವಲ್ಲವೆನ್ನುತ್ತದೆ. 869ನೆಯ ವಿಧಿಯು ಕಥೋಲಿಕೇತರ ಸಭೆಯಲ್ಲಿ ಜ್ಞಾನಸ್ನಾನ ಪಡೆದವರಿಗೆ, ಬಳಸಿದ ದ್ರವ್ಯ, ಉಚ್ಚರಿಸಿದ ವಾಕ್ಯ, ಇದ್ದ ಸಂಕಲ್ಪ ಇವುಗಳ ವಿಷಯದಲ್ಲಿ ಗಂಭೀರವಾದ ಸಂಶಯವಿಲ್ಲದಿದ್ದರೆ, ಷರತ್ತಿನ ಜ್ಞಾನಸ್ನಾನವನ್ನೂ ಕೊಡಬಾರದೆಂದು ನಿಷೇಧಿಸುತ್ತದೆ.

ಆದುದರಿಂದ ಎರಡನೆಯ ಕಾರಣವೂ, ಎಂದರೆ “ಇನ್ನೊಮ್ಮೆ ಹೊಯ್ದರೆ ನಷ್ಟವೇನು?” ಎಂಬ ಸುಲಭವಾದ ಮಾತೂ, ನಿಲ್ಲತಕ್ಕದ್ದಲ್ಲ. ನಷ್ಟವುಂಟು, ಅದು ದೊಡ್ಡದು. ಕ್ರಿಸ್ತರು ಒಮ್ಮೆ ಮಾಡಿದ ಕಾರ್ಯವನ್ನು ಅವರು ಮಾಡಲಿಲ್ಲವೆಂಬಂತೆ ಪುನಃ ಮಾಡತೊಡಗುವುದು ಭಕ್ತಿಯಲ್ಲ, ಅವಿಶ್ವಾಸ. ಷರತ್ತಿನ ಜ್ಞಾನಸ್ನಾನವು ವಿಚಾರಣೆಯು ಮುಗಿದ ಮೇಲೂ ಉಳಿದ ಸಂಶಯಕ್ಕೆ ಪರಿಹಾರವೇ ಹೊರತು, ವಿಚಾರಣೆಯ ಶ್ರಮವನ್ನು ತಪ್ಪಿಸಿಕೊಳ್ಳುವ ಉಪಾಯವಲ್ಲ. ಹಿಂದೆ ಆಂಗ್ಲದೇಶದಲ್ಲಿ ಈ ರೂಢಿಯು ಪ್ರಬಲವಾಗಿದ್ದುದು ನಿಜ. 1845ರ ಅಕ್ಟೋಬರ್ 9ರಂದು ಲಿಟ್ಲ್‌ಮೋರ್ ಗ್ರಾಮದಲ್ಲಿ ಡೊಮಿನಿಕ್ ಬಾರ್ಬೆರಿ ಸ್ವಾಮಿಗಳು, ಆಂಗ್ಲಿಕನ್ ಧರ್ಮಗುರುಗಳಾಗಿದ್ದ ಜಾನ್ ಹೆನ್ರಿ ನ್ಯೂಮನ್ನರನ್ನು ಅಂಗೀಕರಿಸಿದಾಗ ಷರತ್ತಿನ ಜ್ಞಾನಸ್ನಾನವೇ ನಡೆಯಿತು. ಆದರೆ ಆ ಷರತ್ತೇ ನಮ್ಮ ಪಕ್ಷಕ್ಕೆ ಸಾಕ್ಷಿ: ಮೊದಲನೆಯದು ನಡೆದಿದ್ದ ಪಕ್ಷದಲ್ಲಿ ಇದು ಏನೂ ಅಲ್ಲವೆಂದು ಅದರ ವಾಕ್ಯವೇ ಒಪ್ಪಿಕೊಳ್ಳುತ್ತದೆ. ಅಂದಿನ ಆಂಗ್ಲಿಕನ್ ಧರ್ಮಗುರುಗಳು ನೀರನ್ನು ಸರಿಯಾಗಿ ಹೊಯ್ಯುತ್ತಿದ್ದರೋ ಇಲ್ಲವೋ ಎಂಬ ಸಂಶಯದಿಂದ ಹುಟ್ಟಿದ ಎಚ್ಚರಿಕೆಯು, ದಾಖಲೆಗಳು ಅಚ್ಚುಕಟ್ಟಾಗಿ ದೊರೆಯುವಾಗ ಕುರುಡು ಕಟ್ಟಳೆಯಾಗಕೂಡದು.

ದಾಖಲೆಯೆಂದಾಗ ನಮ್ಮಲ್ಲಿನ ವಸ್ತುಸ್ಥಿತಿಯನ್ನೂ ಹೇಳಬೇಕು. ಆಂಗ್ಲಿಕನ್, ಮೆಥೊಡಿಸ್ಟ್, ಕಾಂಗ್ರಿಗೇಷನಲ್, ಪ್ರೆಸ್ಬಿಟೇರಿಯನ್ ಪರಂಪರೆಗಳು ಸೇರಿ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯು ನೀರಿನಿಂದಲೇ, ತಂದೆ ಮಗ ಪವಿತ್ರಾತ್ಮರ ಹೆಸರಿನಲ್ಲಿಯೇ, ಶಿಶುಗಳಿಗೆ ಜ್ಞಾನಸ್ನಾನವನ್ನು ಕೊಡುತ್ತದೆ. ಅದನ್ನು ಪುಸ್ತಕದಲ್ಲಿ ದಾಖಲಿಸುತ್ತದೆ. ಕೇಳಿದರೆ ಸಭಾಪಾಲಕರು ಪ್ರಮಾಣಪತ್ರವನ್ನು ಕೊಡುತ್ತಾರೆ. ಪತ್ರವು ದೊರೆಯದಿದ್ದಲ್ಲಿ ನಂಬತಕ್ಕ ಒಬ್ಬ ಸಾಕ್ಷಿಯ ಹೇಳಿಕೆಯೇ, ಯಾರಿಗೂ ಬಾಧಕವಲ್ಲದಿರುವಾಗ, ಸಾಕೆಂದು ಶಾಸನಸಂಹಿತೆಯ 876ನೆಯ ವಿಧಿ ಹೇಳುತ್ತದೆ. ಅಂದು ಶಿಶುವನ್ನು ಎತ್ತಿಕೊಂಡು ನಿಂತಿದ್ದ ಅಜ್ಜಿ ಇಂದೂ ಕಾಮಾಕ್ಷಿಪಾಳ್ಯದ ಮನೆಯಲ್ಲಿ ಕುಳಿತಿರುವಾಗ, ಅವರನ್ನೊಂದು ಮಾತು ಕೇಳದೆ, ನಡೆದಿತ್ತೋ ಇಲ್ಲವೋ ಎಂದು ಸಂಶಯವನ್ನು ನಟಿಸುವುದು ಧರ್ಮವೂ ಅಲ್ಲ, ಮರ್ಯಾದೆಯೂ ಅಲ್ಲ.

ಹಾಗೆಂದು ಎಲ್ಲ ಸ್ನಾನಗಳೂ ಸಮಾನವೆಂದು ನಾನು ವಾದಿಸುವವನಲ್ಲ. 325ರ ನಿಸಿಯ ಮಹಾಸಭೆಯೇ, ತ್ರಿತ್ವದ ವಿಶ್ವಾಸದಲ್ಲಿ ದಾರಿ ತಪ್ಪಿದ ಸಮೊಸಾಟದ ಪೌಲನ ಅನುಯಾಯಿಗಳಿಗೆ ಜ್ಞಾನಸ್ನಾನವನ್ನು ಕೊಡಬೇಕೆಂದು ವಿಧಿಸಿತು. ತ್ರಿತ್ವವನ್ನು ನಿರಾಕರಿಸಿ ಯೇಸುವಿನ ಹೆಸರೊಂದರಲ್ಲಿಯೇ ಸ್ನಾನ ಮಾಡಿಸುವ ಕೆಲವು ಪಂಗಡಗಳು ಬೆಂಗಳೂರಿನಲ್ಲಿ ಉಂಟು. ಅಲ್ಲಿಂದ ಬಂದವರ ವಿಷಯದಲ್ಲಿ ವಿಚಾರಣೆ ಅವಶ್ಯ. ಸಾಲ್ವೇಷನ್ ಆರ್ಮಿಯವರು ಜ್ಞಾನಸ್ನಾನವನ್ನೇ ಆಚರಿಸುವುದಿಲ್ಲ. ಅಲ್ಲಿ ಬೆಳೆದವರಿಗೆ ಅದನ್ನು ಕೊಡಲೇಬೇಕು. ಮಾರ್ಮನರ ಸ್ನಾನವು ಸಿಂಧುವಲ್ಲವೆಂದು ರೋಮ್ 2001ರಲ್ಲಿ ನಿರ್ಣಯಿಸಿದೆ. ಪಿತ, ಸುತ, ಪವಿತ್ರಾತ್ಮರೆಂಬ ನಾಮಗಳಿಗೆ ಬದಲಾಗಿ ಬೇರೆ ಪದಗಳನ್ನಿಟ್ಟು ಕೊಟ್ಟುದನ್ನು 2008ರಲ್ಲಿ ನಿರಾಕರಿಸಿದೆ. ಇಷ್ಟು ಸೂಕ್ಷ್ಮವಾಗಿ ಅಳೆದು ನೋಡುವ ಧರ್ಮಸಭೆಯೇ ದಕ್ಷಿಣ ಭಾರತ ಸಭೆಯಂಥವುಗಳ ಜ್ಞಾನಸ್ನಾನವನ್ನು ಮನ್ನಿಸುವಾಗ, ಆ ಮನ್ನಣೆಯನ್ನು ಔದಾರ್ಯದ ಸಡಿಲತೆಯೆಂದು ತಳ್ಳಿಹಾಕುವಂತಿಲ್ಲ. ಅದು ಪರೀಕ್ಷಿಸಿ ಕೊಟ್ಟ ತೀರ್ಪು.

ವಿವಾಹದ ಪ್ರಸಂಗವು ಈ ತೀರ್ಪನ್ನು ಮತ್ತಷ್ಟು ನಿಚ್ಚಳಗೊಳಿಸುತ್ತದೆ. ಕಥೋಲಿಕ ಹುಡುಗನನ್ನು ಮದುವೆಯಾಗಲು ದಕ್ಷಿಣ ಭಾರತ ಸಭೆಯ ಹುಡುಗಿ ಕಥೋಲಿಕಳಾಗಲೇಬೇಕೆಂಬುದು ನಮ್ಮಲ್ಲಿ ಬೇರೂರಿದ ಇನ್ನೊಂದು ತಪ್ಪುಗ್ರಹಿಕೆ. ಆಗಬೇಕಾದುದಿಲ್ಲ, 1124ನೆಯ ವಿಧಿಯ ಪ್ರಕಾರ ಧರ್ಮಾಧ್ಯಕ್ಷರ ಅನುಮತಿಯನ್ನು ಪಡೆದು ಅವರು ಮದುವೆಯಾಗಬಹುದು. ಜ್ಞಾನಸ್ನಾನವಿಲ್ಲದವರೊಡನೆ ವಿವಾಹವಾಗುವುದಕ್ಕೆ ಬೇಕಾದ ವಿನಾಯಿತಿಯು ಇದಕ್ಕಿಂತ ಬೇರೆ. ಇಷ್ಟೇ ಅಲ್ಲ, ಜ್ಞಾನಸ್ನಾನ ಪಡೆದ ಇಬ್ಬರ ಸಿಂಧುವಾದ ವಿವಾಹವು ತಾನಾಗಿಯೇ ಸಂಸ್ಕಾರವಾಗುತ್ತದೆಂದು 1055ನೆಯ ವಿಧಿ ಹೇಳುತ್ತದೆ. ಹಾಗಿರುವಾಗ, ಆ ಹುಡುಗಿಯು ತನ್ನ ಸಭೆಯಲ್ಲಿಯೇ ಉಳಿದು ಮದುವೆಯಾದರೆ ಅವಳನ್ನು ಜ್ಞಾನಸ್ನಾನ ಪಡೆದವಳೆಂದು ಒಪ್ಪಿ ಅವಳ ವಿವಾಹವನ್ನು ಸಂಸ್ಕಾರವೆನ್ನುವ ನಾವು, ಅವಳೇ ನಮ್ಮೆಡೆಗೆ ಬರಲು ಬಯಸಿದ ಕೂಡಲೆ ಅವಳನ್ನು ಜ್ಞಾನಸ್ನಾನವಿಲ್ಲದವಳೆನ್ನುವುದಾದರೆ, ಇದಕ್ಕಿಂತ ವಿಪರೀತವಾದ ನ್ಯಾಯವಾವುದು?

ಮೂರನೆಯ ಕಾರಣವಾದ ನಿಷ್ಠೆಯ ಪ್ರಶ್ನೆಯನ್ನು ಈಗ ಎತ್ತಿಕೊಳ್ಳೋಣ. ಹಳೆಯದನ್ನೆಲ್ಲ ಕಳಚಿ ಬಾ ಎನ್ನುವವರು ಯಾವುದನ್ನು ಕಳಚಬೇಕೆಂದು ಕೇಳುತ್ತಾರೆ? ತಾಯಿಯ ತೊಡೆಯ ಮೇಲೆ ಕಲಿತ ಕರ್ತರ ಪ್ರಾರ್ಥನೆಯನ್ನೆ? ಭಾನುವಾರದ ಶಾಲೆಯಲ್ಲಿ ಬಾಯಿಪಾಠ ಮಾಡಿದ ಕೀರ್ತನೆಗಳನ್ನೆ? ವೇದಪಠನವಿಲ್ಲದೆ ದಿನವನ್ನು ಆರಂಭಿಸಬಾರದೆಂಬ, ನಮ್ಮ ಅನೇಕ ಕಥೋಲಿಕ ಮನೆಗಳು ಕಲಿಯಬೇಕಾದ ಆ ನಿಯಮವನ್ನೆ? ಪೂರ್ವಕಾಲದಲ್ಲಿ ಇಂಥವರಿಂದ ಭಿನ್ನಮತದ ತ್ಯಾಗವಚನವನ್ನು ಹೇಳಿಸಿ ಬಹಿಷ್ಕಾರದಿಂದ ಬಿಡುಗಡೆ ಮಾಡುವ ಪದ್ಧತಿಯಿತ್ತು. ದ್ವಿತೀಯ ವ್ಯಾಟಿಕನ್ ಮಹಾಸಭೆಯ ಅನಂತರ ಧರ್ಮಸಭೆಯೇ ಅದನ್ನು ಕೈಬಿಟ್ಟಿತು. 1972ರಲ್ಲಿ ಪ್ರಕಟವಾದ ಪ್ರಾಯಸ್ಥರ ದೀಕ್ಷಾವಿಧಿಯ ಅನುಬಂಧವು, ಜ್ಞಾನಸ್ನಾನ ಪಡೆದವರನ್ನು ಪೂರ್ಣ ಅನ್ಯೋನ್ಯತೆಗೆ ಅಂಗೀಕರಿಸುವ ಕ್ರಮವನ್ನು ಪ್ರತ್ಯೇಕವಾಗಿ ಕೊಟ್ಟು, ಆವಶ್ಯಕವಾದುದಕ್ಕಿಂತ ಹೆಚ್ಚಿನ ಭಾರವನ್ನು ಹೇರಬಾರದೆಂದೂ, ಗೆದ್ದೆವೆಂಬ ಆಡಂಬರದ ಛಾಯೆಯೂ ಅಲ್ಲಿರಬಾರದೆಂದೂ, ಅವರನ್ನು ದೀಕ್ಷಾರ್ಥಿಗಳೊಡನೆ ಒಂದೇ ಗುಂಪಿಗೆ ಸೇರಿಸಬಾರದೆಂದೂ ಎಚ್ಚರಿಸುತ್ತದೆ. ಅವರಿಂದ ಬೇಕಾದುದಿಷ್ಟು: ಧರ್ಮಸಭೆಯ ಬೋಧನೆಯನ್ನು ಅರಿತು ಮನಸಾರೆ ಒಪ್ಪುವುದು, ಪಾಪನಿವೇದನೆ, ಸಮುದಾಯದ ಸಮಕ್ಷಮದಲ್ಲಿ ವಿಶ್ವಾಸಘೋಷಣೆ, ದೃಢೀಕರಣ, ಪರಮಪ್ರಸಾದ ಸ್ವೀಕಾರ. ದೃಢೀಕರಣಕ್ಕಾಗಿ ಧರ್ಮಾಧ್ಯಕ್ಷರ ಭೇಟಿಯನ್ನೇ ಕಾಯಬೇಕಾದುದಿಲ್ಲ. ಅಂಗೀಕರಿಸಲು ಅಧಿಕಾರವುಳ್ಳ ಯಾಜಕರಿಗೇ 883ನೆಯ ವಿಧಿಯು ಆ ಶಕ್ತಿಯನ್ನು ಕೊಟ್ಟಿದೆ. ಆರ್ಥೊಡಾಕ್ಸ್ ಸಿರಿಯನ್ ಸಭೆಗಳಿಂದ ಬಂದವರಿಗಾದರೋ ದೃಢೀಕರಣದ ತೈಲಲೇಪನವೂ ಪುನಃ ಆಗುವುದಿಲ್ಲ, ವಿಶ್ವಾಸಘೋಷಣೆಯೊಂದೇ ಸಾಕು. 1930ರ ಸೆಪ್ಟೆಂಬರ್ 20ರಂದು ಕೊಲ್ಲಂನಲ್ಲಿ ಆ ಸಭೆಯ ಧರ್ಮಾಧ್ಯಕ್ಷರಾಗಿದ್ದ ಮಾರ್ ಇವಾನಿಯೋಸರು ರೋಮಿನೊಡನೆ ಐಕ್ಯವಾದುದು ಹೀಗೆಯೇ. ಜ್ಞಾನಸ್ನಾನವನ್ನಾಗಲಿ ಯಾಜಕದೀಕ್ಷೆಯನ್ನಾಗಲಿ ಯಾರೂ ಅವರಿಗೆ ಎರಡನೆಯ ಬಾರಿ ಕೊಡಲಿಲ್ಲ.

ಈ ವಾದವನ್ನು ಕೇಳಿದ ದಕ್ಷಿಣ ಭಾರತ ಸಭೆಯ ಬಂಧುಗಳು, ನಮ್ಮ ಜ್ಞಾನಸ್ನಾನ ನಿಜವಾದುದೆಂದು ನೀವೇ ಒಪ್ಪಿದ ಮೇಲೆ ನಮ್ಮ ಮಗಳು ಅಲ್ಲಿಗೆ ಬರುವ ಅಗತ್ಯವೇನೆಂದು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ನುಣುಚಿಕೊಳ್ಳದ ಉತ್ತರ ಸಲ್ಲಬೇಕು. ಜ್ಞಾನಸ್ನಾನವು ಆರಂಭ, ಅದು ತನ್ನ ಸ್ವಭಾವದಿಂದಲೇ ಪೂರ್ಣ ವಿಶ್ವಾಸದೆಡೆಗೆ, ಪರಮಪ್ರಸಾದದ ಐಕ್ಯದೆಡೆಗೆ ಚಾಚಿಕೊಂಡಿದೆಯೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಬೋಧಿಸಿದೆ. ಪ್ರೇಷಿತರಿಂದ ಅವಿಚ್ಛಿನ್ನವಾಗಿ ಬಂದ ಧರ್ಮಾಧ್ಯಕ್ಷರ ಪರಂಪರೆ, ಪೇತ್ರರ ಪೀಠದೊಡನೆ ಏಕತೆ, ಬಲಿಪೂಜೆಯಲ್ಲಿ ಪ್ರಭುವಿನ ನಿಜಸಾನ್ನಿಧ್ಯ, ಇವುಗಳಲ್ಲಿ ಆ ಪೂರ್ಣತೆಯುಂಟೆಂದು ಒಬ್ಬಳ ಅಂತಃಕರಣವು ದೃಢವಾಗಿ ಕಂಡುಕೊಂಡಲ್ಲಿ ಅವಳು ಬರಲೇಬೇಕು. ಆದರೆ ಅವಳನ್ನು ಅಲ್ಲಿಗೆ ನಡೆಸಿದ್ದು ನೀವು ಕೊಡಿಸಿದ ಜ್ಞಾನಸ್ನಾನದ ಕೃಪೆಯೇ. ಅದನ್ನು ಅಲ್ಲಗಳೆದರೆ ನಾವು ಅವಳ ಆಗಮನದ ಕಾರಣವನ್ನೇ ಅಲ್ಲಗಳೆದಂತೆ.

ನಮ್ಮವರು ಆಲೋಚಿಸಬೇಕಾದ ಇನ್ನೊಂದು ಸಂಗತಿಯುಂಟು. ಹೊಸ ಪೆಂಟೆಕೊಸ್ಟಲ್ ಸಭೆಗಳು ಕಥೋಲಿಕ ಯುವಕರನ್ನು ಕರೆದೊಯ್ದು, ಶಿಶುವಾಗಿದ್ದಾಗ ಆದದ್ದು ಲೆಕ್ಕಕ್ಕಿಲ್ಲವೆಂದು ಹೇಳಿ ಮತ್ತೆ ಮುಳುಗಿಸುವಾಗ ನಾವು ನೊಂದುಕೊಳ್ಳುತ್ತೇವೆ. ನೋಯುವುದು ಯುಕ್ತವೇ ಆಗಿದೆ. ಆದರೆ ಅದೇ ಅಪಚಾರವನ್ನು ನೆರೆಮನೆಯ ಮೆಥೊಡಿಸ್ಟನಿಗೆ ನಾವೇ ಮಾಡಬಯಸಿದರೆ, ದೂರುವ ಬಾಯಿ ನಮಗೆಲ್ಲಿ ಉಳಿಯಿತು? ಜ್ಞಾನಸ್ನಾನವು ಪುನರಾವೃತ್ತಿಗೆ ಸಲ್ಲದೆಂದು 1982ರಲ್ಲಿ ನಾನಾ ಕ್ರೈಸ್ತ ಸಭೆಗಳ ಆಯೋಗವೊಂದು ಲೀಮಾ ನಗರದಲ್ಲಿ ರೂಪಿಸಿದ ಪತ್ರವು ಹೇಳಿತು. ಆ ಆಯೋಗದಲ್ಲಿ ಕಥೋಲಿಕ ದೇವಶಾಸ್ತ್ರಜ್ಞರೂ ಇದ್ದರು. ಜರ್ಮನಿಯ ಹನ್ನೊಂದು ಸಭೆಗಳು, ಕಥೋಲಿಕರೂ ಸೇರಿ, 2007ರ ಏಪ್ರಿಲ್ 29ರಂದು ಮಾಗ್ಡೆಬುರ್ಗ್ ಪಟ್ಟಣದಲ್ಲಿ ಪರಸ್ಪರರ ಜ್ಞಾನಸ್ನಾನವನ್ನು ಮನ್ನಿಸಿ ಸಹಿ ಹಾಕಿದವು. ಲೂಥರನು ಹುಟ್ಟಿದ ನಾಡಿನಲ್ಲಿಯೇ ಸಾಧ್ಯವಾದ ಸೌಜನ್ಯವು ಬಸವೇಶ್ವರನಗರದ ಒಂದು ಬೀದಿಯಲ್ಲಿ ಅಸಾಧ್ಯವಾಗಬೇಕಾದುದಿಲ್ಲ.

ಕೊನೆಯದಾಗಿ, ಇದರಲ್ಲಿ ಕೃತಜ್ಞತೆಯ ಋಣವೊಂದು ಅಡಗಿದೆ. ಕನ್ನಡಿಗರಾದ ನಾವು, 1843ರಲ್ಲಿ ಮಂಗಳೂರು ಸಮಾಚಾರವನ್ನು ಹೊರಡಿಸಿದ ಬಾಸೆಲ್ ಮಿಷನ್ನಿನ ಮೊಗ್ಲಿಂಗರನ್ನೂ, 1894ರಲ್ಲಿ ಮಹಾನಿಘಂಟನ್ನು ಕೊಟ್ಟ ಅದೇ ಮಿಷನ್ನಿನ ಕಿಟೆಲರನ್ನೂ ಅಭಿಮಾನದಿಂದ ನೆನೆಯುತ್ತೇವೆ. ಅವರ ಭಾಷಾಸೇವೆಯನ್ನು ನಮ್ಮದೆನ್ನುತ್ತೇವೆ. ಅವರ ಪರಂಪರೆಯ ಸಭೆಗಳು ನಮ್ಮ ನಾಡಿನ ಶಿಶುಗಳ ತಲೆಯ ಮೇಲೆ ತ್ರಿತ್ವದ ನಾಮದಲ್ಲಿ ಹೊಯ್ದ ನೀರನ್ನು ಮಾತ್ರ ಬರಿಯ ನೀರೆನ್ನುವುದು ಯಾವ ಕೃತಜ್ಞತೆ?

ಆದುದರಿಂದ ಧರ್ಮಕೇಂದ್ರಗಳ ಹಿರಿಯರಲ್ಲಿಯೂ ಉಪದೇಶಿಗಳಲ್ಲಿಯೂ ನನ್ನ ವಿಜ್ಞಾಪನೆ ಇದು. ಮತ್ತೊಂದು ಕ್ರೈಸ್ತ ಸಭೆಯಲ್ಲಿ ಜ್ಞಾನಸ್ನಾನ ಪಡೆದ ಪ್ರಾಯಸ್ಥರು ನಿಮ್ಮಲ್ಲಿಗೆ ಬಂದರೆ, ಮೊದಲು ಅವರ ಪ್ರಮಾಣಪತ್ರವನ್ನು ಕೇಳಿರಿ, ಅವರ ತಾಯಿತಂದೆಗಳನ್ನು ಗೌರವದಿಂದ ವಿಚಾರಿಸಿರಿ. ಅಂಗೀಕಾರದ ದಿನ ಆ ತಾಯಿತಂದೆಗಳನ್ನು ಆಹ್ವಾನಿಸಿ ಮುಂದಿನ ಸಾಲಿನಲ್ಲಿ ಕುಳ್ಳಿರಿಸಿರಿ. ಬಂದವರನ್ನು ಹೊಸ ಕ್ರೈಸ್ತರೆಂದು ಕರೆಯದಿರಿ, ಪಾಸ್ಕ ಜಾಗರಣೆಯಲ್ಲಿ ಜ್ಞಾನಸ್ನಾನದ ತೊಟ್ಟಿಯ ಬಳಿ ನಿಲ್ಲಿಸದಿರಿ. ಅವರು ಕ್ರೈಸ್ತರಾದುದು ನಿಮ್ಮ ಕೈಯಿಂದಲ್ಲ. ಅವರ ಶೈಶವದಲ್ಲಿಯೇ ಕ್ರಿಸ್ತರು ಅವರನ್ನು ತಮ್ಮವರನ್ನಾಗಿ ಮಾಡಿಕೊಂಡಿದ್ದಾರೆ. ಆ ಕಾರ್ಯವನ್ನು ತಿದ್ದುವ ಅಧಿಕಾರ ಧರ್ಮಾಧ್ಯಕ್ಷರಿಗೂ ಇಲ್ಲ, ಪೋಪರಿಗೂ ಇಲ್ಲ; ನಮಗಂತೂ ಇಲ್ಲವೇ ಇಲ್ಲ.